ಪ್ರತಿಭೆಗೊಂದು ಪೇಟೆ ಬೇಕು



ನನ್ನದು ತುಂಗಭದ್ರೆಯ ದಂಡೆಯ ನಾಗಲದಿನ್ನೆ. ನಮ್ಮೂರು ಹೊಳೆಯ ಈಚೆ ದಡದಲ್ಲೇ ಇದೆ, ಆದರೆ ಅದರ ಸುತ್ತ ಗಡಿಗಳು ನಡೆದಾಡಿವೆ. ನಮ್ಮ ಅಜ್ಜಂದಿರ ಕಾಲಕ್ಕೆ ಈಚೆ ದಡ ಮದ್ರಾಸ್ ಪ್ರಾಂತ್ಯ, ಆಚೆ ದಡ ನಿಜಾಮರ ರಾಯಚೂರು ಜಿಲ್ಲೆ. ಇಂದು ಈಚೆ ದಡ ಆಂಧ್ರಪ್ರದೇಶ, ಆಚೆ ದಡ ತೆಲಂಗಾಣ. ಹೊಳೆಯ ಮೇಲ್ಗಡೆಗೆ ಹೋದರೆ ಕರ್ನಾಟಕ. 2009ರ ಅಕ್ಟೋಬರ್‌ನಲ್ಲಿ ಬಂದ ಮಹಾಪೂರ ನಮ್ಮೂರನ್ನು ಮುಳುಗಿಸಿತು, ಸೇತುವೆಯನ್ನೂ ಕೊಚ್ಚಿಕೊಂಡು ಹೋಯಿತು. ಮತ್ತೆ ಸೇತುವೆ ಬರುವುದಕ್ಕೆ ವರ್ಷಗಳೇ ಹಿಡಿದವು. ಆ ವರ್ಷಗಳಲ್ಲಿ ನಾವು ಒಂದು ಪಾಠ ಕಲಿತೆವು. ಆಚೆ ದಡದ ಸಂತೆ ತಪ್ಪಿತು, ಮದುವೆ ಮಾತುಕತೆ ತಪ್ಪಿತು, ಭಜನೆಗೆ ಬರುತ್ತಿದ್ದ ಹಾರ್ಮೋನಿಯಂ ತಪ್ಪಿತು. ಜನ ಜನವನ್ನು ಸೇರುವ ದಾರಿ ಮುಚ್ಚಿದರೆ ಬರೀ ವ್ಯಾಪಾರ ನಿಲ್ಲುವುದಿಲ್ಲ, ವಿದ್ಯೆಯೂ ನಿಲ್ಲುತ್ತದೆ.

ಇವತ್ತಿನ ವಿಷಯ ಇದೇ. ಜಾಣತನ, ಕಲೆ, ಹೊಸದನ್ನು ಹುಡುಕುವ ಬುದ್ಧಿ ಇವು ಹಳ್ಳಿಯಲ್ಲಿ ಹುಟ್ಟುವುದಿಲ್ಲವೇ? ಖಂಡಿತ ಹುಟ್ಟುತ್ತವೆ. ಆದರೆ ಲೋಕದ ಚರಿತ್ರೆ ತೆಗೆದು ನೋಡಿ, ಅವು ಬೆಳೆದು ಹೆಸರಾದದ್ದು ಬಹುಪಾಲು ಪಟ್ಟಣಗಳಲ್ಲಿ. ಇಟಲಿ ದೇಶದ ಲಿಯೊನಾರ್ಡೊ ಹುಟ್ಟಿದ್ದು ವಿಂಚಿ ಎಂಬ ಹಳ್ಳಿಯ ಬಳಿ. ಚಿತ್ರ ಬರೆಯುವುದನ್ನು ಕಲಿತದ್ದು ಫ್ಲಾರೆನ್ಸ್ ಪಟ್ಟಣದಲ್ಲಿ, ವೆರೊಕ್ಕಿಯೊ ಎಂಬ ಗುರುವಿನ ಕಾರ್ಖಾನೆಯಲ್ಲಿ. ಆ ಪಟ್ಟಣದಲ್ಲಿ ಉಣ್ಣೆ ಬಟ್ಟೆಯ ವ್ಯಾಪಾರವಿತ್ತು, ಮೆಡಿಚಿ ಮನೆತನದ ಬ್ಯಾಂಕ್ ಇತ್ತು. ಬ್ಯಾಂಕಿನಲ್ಲಿ ಜೀವ ಸವೆಸಿದ ನನಗೆ ಇದನ್ನು ಓದಿದಾಗ ಸಣ್ಣ ಹೆಮ್ಮೆ ಆಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಫ್ಲಾರೆನ್ಸ್ ನಮಗೆ ದೂರ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಗಬಾರದು. ನಮ್ಮ ಹಿತ್ತಲಲ್ಲೇ ಇಂಥದೊಂದು ಪಟ್ಟಣವಿತ್ತು. ಅದು ಬಳ್ಳಾರಿ.

1800ರಲ್ಲಿ ನಿಜಾಮರು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಆ ಮೇಲೆ ನಮ್ಮ ಆದವಾನಿ ಒಂದೂವರೆ ಶತಮಾನ ಬಳ್ಳಾರಿಯ ಜೊತೆಯಲ್ಲೇ ಇತ್ತು. ಎಮ್ಮಿಗನೂರು, ಆಲೂರು, ಹೊಸಪೇಟೆ, ಹರಪನಹಳ್ಳಿ ಎಲ್ಲಕ್ಕೂ ಜಿಲ್ಲಾ ಕಚೇರಿ ಅಲ್ಲೇ. ದೊಡ್ಡ ಕೋರ್ಟು ಅಲ್ಲೇ. 1901ರ ಜನಗಣತಿಯಲ್ಲಿ ಬಳ್ಳಾರಿಯ ಜನಸಂಖ್ಯೆ 58,247. ಇಂದಿನ ಲೆಕ್ಕದಲ್ಲಿ ಅದು ಒಂದು ಸಾಧಾರಣ ಊರು. ಅಷ್ಟು ಸಣ್ಣ ಪಟ್ಟಣ ಮೂರು ಭಾಷೆಗಳ ರಂಗಭೂಮಿಯ ದಾರಿಯನ್ನು ತಿರುಗಿಸಿತು ಎಂದರೆ ನಂಬುತ್ತೀರಾ?

ಹೇಗೆಂದು ಹೇಳುತ್ತೇನೆ. 1876ರಿಂದ 78ರವರೆಗೆ ಈ ಸೀಮೆಯಲ್ಲಿ ಭೀಕರ ಬರಗಾಲ. ಹಳ್ಳಿಗೆ ಹಳ್ಳಿಗಳೇ ಬರಿದಾದವು. ಅದು ಮುಗಿದು ಹತ್ತು ವರ್ಷವೂ ತುಂಬಿರಲಿಲ್ಲ, 1886ರಲ್ಲಿ ಬಳ್ಳಾರಿಯಲ್ಲಿ ಸರಸ ವಿನೋದಿನಿ ಸಭಾ ಎಂಬ ನಾಟಕ ಸಂಘ ಹುಟ್ಟಿತು. ಹುಟ್ಟಿಸಿದವರು ಧರ್ಮವರಂ ರಾಮಕೃಷ್ಣಮಾಚಾರ್ಯರು. 1853ರಲ್ಲಿ ಧರ್ಮವರದಲ್ಲಿ ಹುಟ್ಟಿದ ಇವರು ವೃತ್ತಿಯಲ್ಲಿ ವಕೀಲರು. ಹಗಲು ಕೋರ್ಟು, ಸಂಜೆ ನಾಟಕ. ಸಾರಂಗಧರನ ಕಥೆಯನ್ನು ದುಃಖದಲ್ಲೇ ಮುಗಿಸಿ ರಂಗದ ಮೇಲೆ ತಂದರು. ನಾಟಕವೆಂದರೆ ಕೊನೆಯಲ್ಲಿ ಮಂಗಳವಾಗಲೇಬೇಕು ಎಂದು ನಂಬಿದ್ದ ಕಾಲದಲ್ಲಿ ಅದೊಂದು ದೊಡ್ಡ ಧೈರ್ಯ. ತೆಲುಗರು ಇವರನ್ನು ಇಂದಿಗೂ ಆಂಧ್ರ ನಾಟಕ ಪಿತಾಮಹ ಎಂದು ಕರೆಯುತ್ತಾರೆ.

ಅದೇ ಊರಿನಲ್ಲಿ ಇನ್ನೊಬ್ಬ ವಕೀಲರಿದ್ದರು, ಕೋಲಾಚಲಂ ಶ್ರೀನಿವಾಸರಾಯರು. 1854ರಲ್ಲಿ ಹಂಪೆಯ ಪಕ್ಕದ ಕಮಲಾಪುರದಲ್ಲಿ ಹುಟ್ಟಿದವರು. ಆಚಾರ್ಯರದು ಒಂದು ಸಭೆಯಾದರೆ ರಾಯರು ಸುಮನೋರಮಾ ಸಭಾ ಎಂದು ಇನ್ನೊಂದನ್ನು ಕಟ್ಟಿದರು. ಅವರು ಪುರಾಣ ಬಿಟ್ಟು ಚರಿತ್ರೆಯನ್ನು ಹಿಡಿದರು. ವಿಜಯನಗರದ ಪತನವನ್ನು ರಾಮರಾಜು ಚರಿತ್ರೆ ಎಂಬ ನಾಟಕ ಮಾಡಿದರು. ಬಾಲ್ಯದಲ್ಲಿ ಹಾಳು ಹಂಪೆಯನ್ನು ಕಣ್ಣಾರೆ ಕಂಡವರು ಅದನ್ನು ಬರೆಯದೆ ಇನ್ಯಾರು ಬರೆಯಬೇಕು? ಜಗತ್ತಿನ ನಾಟಕಗಳ ಚರಿತ್ರೆಯನ್ನೂ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದರು. ಒಂದೇ ಊರು, ಇಬ್ಬರು ವಕೀಲರು, ಎರಡು ಸಭೆ. ಇವರದು ಚೆನ್ನಾಗಿತ್ತೆಂದರೆ ಅವರಿಗೆ ನಿದ್ದೆ ಬಾರದು. ಆ ಪೈಪೋಟಿಯಿಂದ ಲಾಭವಾದದ್ದು ನಾಟಕಕ್ಕೆ.

1891ರಲ್ಲಿ ಸರಸ ವಿನೋದಿನಿ ಸಭೆಯವರು ರೈಲು ಹತ್ತಿ ಮದ್ರಾಸಿಗೆ ಹೋಗಿ ನಾಟಕ ಆಡಿದರು. ಅಲ್ಲಿ ಕುಳಿತು ನೋಡಿದವರಲ್ಲಿ ಪಮ್ಮಲ್ ಸಂಬಂಧ ಮೊದಲಿಯಾರ್ ಎಂಬ ಹದಿನೆಂಟರ ಹುಡುಗನೂ ಇದ್ದ. ಓದು ಬಲ್ಲ, ಮರ್ಯಾದಸ್ಥ ವಕೀಲರು ಬಣ್ಣ ಹಚ್ಚಿ ರಂಗದ ಮೇಲೆ ನಿಲ್ಲಬಹುದು ಎಂಬುದೇ ಅವನಿಗೆ ಹೊಸ ಸಂಗತಿ. ಆ ವರ್ಷವೇ ಅವನು ಗೆಳೆಯರ ಜೊತೆ ಸೇರಿ ಸುಗುಣ ವಿಲಾಸ ಸಭಾ ಕಟ್ಟಿದ. ಮುಂದೆ ಆಧುನಿಕ ತಮಿಳು ರಂಗಭೂಮಿಯ ಹಿರಿಯನೆನಿಸಿಕೊಂಡ. ಇದಕ್ಕೂ ಮುಂಚೆ, 1880ರಲ್ಲಿ, ನಮ್ಮ ಧಾರವಾಡದ ನಾಟಕ ಕಂಪನಿ ಗೋದಾವರಿ ತೀರದ ರಾಜಮಹೇಂದ್ರಿಗೆ ಹೋಗಿ ಆಟವಾಡಿತ್ತು. ಅದನ್ನು ಕಂಡ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ತೆಲುಗಿನಲ್ಲಿ ನಾಟಕ ಆಡಿಸಲು ಹೊರಟರು. ಲೆಕ್ಕ ಹಾಕಿ ನೋಡಿ. ಧಾರವಾಡದ ಕಿಡಿ ರಾಜಮಹೇಂದ್ರಿಯಲ್ಲಿ ಹೊತ್ತಿತು, ಬಳ್ಳಾರಿಯ ಕಿಡಿ ಮದ್ರಾಸಿನಲ್ಲಿ ಹೊತ್ತಿತು. ಕಲೆಗೆ ಜಾತಕ ಕೇಳುವ ಪದ್ಧತಿ ಇರಲಿಲ್ಲ.

ಇನ್ನು ಬಳ್ಳಾರಿ ರಾಘವ ಅವರ ಮಾತು. ತಾಡಪತ್ರಿಯಲ್ಲಿ 1880ರಲ್ಲಿ ಹುಟ್ಟಿದರು. ಅವರ ತಂದೆ ಬಳ್ಳಾರಿಯ ಹೈಸ್ಕೂಲಿನಲ್ಲಿ ತೆಲುಗು ಪಂಡಿತರು. ಸೋದರಮಾವ ಯಾರು ಗೊತ್ತೇ? ಅದೇ ಧರ್ಮವರಂ ಆಚಾರ್ಯರು. ಮದ್ರಾಸಿನಲ್ಲಿ ಬಿ.ಎ., ಲಾ ಓದಿ ಬಂದು ಬಳ್ಳಾರಿಯಲ್ಲಿ ಇವರೂ ವಕೀಲರಾದರು. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಅಭಿನಯಿಸಿದರು. ಅವರಿಗೆ ಹೆಸರು ತಂದ ಪಾತ್ರಗಳಲ್ಲಿ ಪಠಾಣ ರುಸ್ತುಮ್ ಒಂದು. ಆ ಪಾತ್ರ ಬರುವುದು ಮಾವನ ನಾಟಕದಲ್ಲಲ್ಲ, ಕೋಲಾಚಲಂ ರಾಯರ ರಾಮರಾಜು ಚರಿತ್ರೆಯಲ್ಲಿ. ಪೈಪೋಟಿ ಇದ್ದರೂ ಬಾಗಿಲು ಹಾಕಿರಲಿಲ್ಲ ಎಂಬುದನ್ನು ಗಮನಿಸಿ. ಗಂಡಸರೇ ಸೀರೆ ಉಟ್ಟು ಆಡುತ್ತಿದ್ದ ಕಾಲದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕು ಎಂದು ಹಠ ಹಿಡಿದರು. 1928ರಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಮಾತಾಡಿದರು. 1939ರಲ್ಲಿ ರೈತು ಬಿಡ್ಡ ಎಂಬ ತೆಲುಗು ಸಿನಿಮಾದಲ್ಲಿ ಜಮೀನ್ದಾರರ ಕಾಟಕ್ಕೆ ಸಿಕ್ಕ ರೈತನ ಕಥೆಗೆ ಜೀವ ಕೊಟ್ಟರು. 1946ರಲ್ಲಿ ತೀರಿಕೊಂಡರು. ಅವರ ಹೆಸರಿನ ರಂಗಮಂದಿರ ಬಳ್ಳಾರಿಯಲ್ಲಿ ಇದೆ.

ಈಗ ಒಂದು ಪ್ರಶ್ನೆ. ಇದೆಲ್ಲಾ ಬಳ್ಳಾರಿಯಲ್ಲೇ ಏಕೆ ಆಯಿತು? ಅಲ್ಲಿಯ ನೀರಿನಲ್ಲಿ ಏನಾದರೂ ವಿಶೇಷವಿತ್ತೇ? ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲನೆಯದು, ಹೊಟ್ಟೆಪಾಡಿಗೆ ಬೇರೆ ಕೆಲಸ. ವಕೀಲರಿಗೆ, ಮೇಷ್ಟ್ರಿಗೆ, ಕಚೇರಿ ಗುಮಾಸ್ತರಿಗೆ ತಿಂಗಳ ಕೊನೆಗೆ ಕೈಯಲ್ಲಿ ಕಾಸು ಬರುತ್ತಿತ್ತು, ಸಂಜೆಯ ಹೊತ್ತು ಬಿಡುವಿತ್ತು. ನಾಟಕ ಸೋತರೂ ಒಲೆ ಆರುತ್ತಿರಲಿಲ್ಲ. ಅದಕ್ಕೇ ಹೊಸದನ್ನು ಮಾಡಿ ನೋಡುವ ಧೈರ್ಯ ಬಂತು.

ಎರಡನೆಯದು, ಬಗೆಬಗೆಯ ಜನ. ಕೋರ್ಟಿನಲ್ಲಿ ಕನ್ನಡದ ರೈತ, ತೆಲುಗಿನ ವಕೀಲ, ಉರ್ದು ಮಾತಾಡುವ ಪೇದೆ, ದಂಡಿನ ಬಿಳಿಯ ಸಿಪಾಯಿ, ಮಿಷನ್ನಿನ ಪಾದ್ರಿ, ತಮಿಳಿನ ಅಧಿಕಾರಿ. ಬಳ್ಳಾರಿಯಲ್ಲಿ ಹುಟ್ಟಿದ ಮಗುವಿಗೆ ಎರಡು ಭಾಷೆ ಬೀದಿಯಲ್ಲೇ ಬರುತ್ತಿತ್ತು, ಮೂರನೆಯದು ಶಾಲೆಯಲ್ಲಿ. ಪಠಾಣನ ಪಾತ್ರ ಮಾಡುವವನಿಗೆ ಪಠಾಣನ ನಡೆ ನುಡಿ ನೋಡಲು ದೂರ ಹೋಗಬೇಕಿರಲಿಲ್ಲ.

ಮೂರನೆಯದು, ತಪ್ಪು ಹಿಡಿಯುವವರು. ಹಳ್ಳಿಯಲ್ಲಿ ನಮ್ಮವನೇ ಎಂದು ಚಪ್ಪಾಳೆ ಹೊಡೆಯುತ್ತೇವೆ. ಪಟ್ಟಣದಲ್ಲಿ ಗುರುತಿಲ್ಲದವರು ಟಿಕೆಟ್ ಕೊಂಡು ಬಂದು ಕೂರುತ್ತಾರೆ, ಚೆನ್ನಾಗಿಲ್ಲದಿದ್ದರೆ ಎದ್ದು ಹೋಗುತ್ತಾರೆ. ಗುರುತಿಲ್ಲದವರನ್ನು ಮೆಚ್ಚಿಸಿದಾಗಲೇ ಕಲೆ ಊರು ದಾಟುವುದು.

ನಾಲ್ಕನೆಯದು, ರೈಲು. 1871ರಲ್ಲಿ ಮದ್ರಾಸಿನ ರೈಲು ದಾರಿ ನಮ್ಮ ಆದವಾನಿಯ ಮೇಲೆ ಹಾದು ರಾಯಚೂರು ಮುಟ್ಟಿ ಬೊಂಬಾಯಿಯ ದಾರಿಯನ್ನು ಸೇರಿತು. ರೈಲು ಬಂದ ಕಡೆ ಕಂಪನಿ ನಾಟಕ ಬಂತು, ಪುಸ್ತಕ ಬಂತು, ಪತ್ರಿಕೆ ಬಂತು.

ಇಲ್ಲಿ ನೀವು ಕೇಳಬಹುದು: ರೈಲು ಆದವಾನಿಗೂ ಬಂತಲ್ಲ, ಹಣವೂ ಇತ್ತಲ್ಲ, ಮತ್ತೆ ಅಲ್ಲೇಕೆ ರಾಘವ ಹುಟ್ಟಲಿಲ್ಲ? ಒಳ್ಳೆಯ ಪ್ರಶ್ನೆ. 1901ರಲ್ಲಿ ಆದವಾನಿಯ ಜನಸಂಖ್ಯೆ 30,416. ಅರಳೆ ಹಿಂಜುವ, ಅಂಡಿಗೆ ಒತ್ತುವ ಕಾರ್ಖಾನೆಗಳು ಆಗಲೇ ಇದ್ದವು. ರೇಷ್ಮೆ, ಹತ್ತಿ ಬಟ್ಟೆಗಳ ಜೊತೆಗೆ ಆದವಾನಿಯ ಜಮಖಾನಕ್ಕೆ ದೂರದೂರದವರೆಗೆ ಹೆಸರು. ಕೈಚಳಕಕ್ಕೆ ಕೊರತೆ ಇರಲಿಲ್ಲ. ಆದರೆ ಜಿಲ್ಲಾ ಕೋರ್ಟು, ದೊಡ್ಡ ಶಾಲೆಗಳು, ಅವುಗಳ ಸುತ್ತ ಸೇರುವ ಓದುಬಲ್ಲವರ ಗುಂಪು ಬಳ್ಳಾರಿಯಲ್ಲಿ. ಹತ್ತಿ ಪೇಟೆಯಲ್ಲಿ ಮಾತು ದರದ್ದು. ಹತ್ತಿಯ ಕಾಲದಲ್ಲಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಾನೇ ಕಂಡಿದ್ದೇನೆ, ದಲಾಲರಿಗೂ ರೈತರಿಗೂ ಉಸಿರಾಡಲು ಪುರಸೊತ್ತಿಲ್ಲ. ಹಣ ಬೇಕು ನಿಜ, ಹಣದ ಜೊತೆಗೆ ಸಂಜೆಯೂ ಬೇಕು.

ಆದರೂ ನಮ್ಮ ಕಡೆಯನ್ನು ಸಣ್ಣದು ಮಾಡಬಾರದು. ಎಮ್ಮಿಗನೂರನ್ನು ನೋಡಿ. ಮಾಚಾನಿ ಸೋಮಪ್ಪನವರು 1938ರಲ್ಲಿ ಅಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ಅದುವರೆಗೆ ನೇಕಾರ ಸಾಹುಕಾರನ ಬಳಿ ನೂಲು ಸಾಲ ತಂದು, ನೇಯ್ದ ಬಟ್ಟೆಯನ್ನು ಅವನಿಗೇ ಅವನು ಹೇಳಿದ ಬೆಲೆಗೆ ಕೊಡಬೇಕು. ಸಂಘ ನೂಲು ಕೊಟ್ಟಿತು, ಕೂಲಿ ಕೊಟ್ಟಿತು, ಬಟ್ಟೆಯನ್ನು ತಾನೇ ಮಾರಿತು, ನೇಕಾರರಿಗೆ ಕಾಲೊನಿಯನ್ನೂ ಕಟ್ಟಿಸಿತು. ಸೋಮಪ್ಪನವರಿಗೆ ಪದ್ಮಶ್ರೀ ಬಂತು. ಮಗ್ಗ ಹೊಸದಲ್ಲ, ನೂಲು ಹೊಸದಲ್ಲ. ಚದುರಿದ ಕೈಗಳನ್ನು ಒಂದು ಕಡೆ ಕೂಡಿಸಿದ್ದು ಹೊಸದು. ಹೊಸದನ್ನು ಕಂಡುಹಿಡಿಯುವುದೆಂದರೆ ಯಂತ್ರವನ್ನೇ ಕಂಡುಹಿಡಿಯಬೇಕಿಲ್ಲ. ಎಮ್ಮಿಗನೂರು ನೀಲಕಂಠೇಶ್ವರನ ಜಾತ್ರೆಗೆ ಹೋದವರೆಲ್ಲ ಆ ಸಂಘದ ಹೆಸರು ಕೇಳಿಯೇ ಬಂದಿರುತ್ತೀರಿ.

ಹಳ್ಳಿಯ ಹುಡುಗರಿಗೆ ಬಳ್ಳಾರಿ ಏನು ಕೊಟ್ಟಿತು ಎಂದೂ ಹೇಳಬೇಕು. ಜೋಳದರಾಶಿ ದೊಡ್ಡನಗೌಡರು 1910ರಲ್ಲಿ ಬಳ್ಳಾರಿ ಹತ್ತಿರದ ಜೋಳದರಾಶಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಒಕ್ಕಲುತನದ ಮನೆ. ರಾಘವರ ಒಡನಾಟ ಸಿಕ್ಕಿತು, ನಟರಾದರು, ನಾಟಕಕಾರರಾದರು, ಗಮಕಿಗಳಾದರು. ಇನ್ನು ನಮ್ಮನ್ನೆಲ್ಲ ನಗಿಸಿದ ಬೀಚಿ. ರಾಯಸಂ ಭೀಮಸೇನರಾವ್, 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. ಕನ್ನಡದಲ್ಲಿ ಓದುವುದಕ್ಕೆ ಏನಿದೆ ಎಂದು ಮೂಗು ಮುರಿಯುತ್ತಿದ್ದವರ ಕೈಗೆ ಅ.ನ.ಕೃ. ಅವರ ಸಂಧ್ಯಾರಾಗ ಕಾದಂಬರಿ ಬಿತ್ತು. ಆ ಒಂದು ಪುಸ್ತಕದಿಂದ ಕನ್ನಡಕ್ಕೊಬ್ಬ ತಿಂಮನ ತಂದೆ ಸಿಕ್ಕ. ಪೇಟೆಯಲ್ಲಿ ಪುಸ್ತಕದಂಗಡಿ ಇದ್ದರೆ ಗುಮಾಸ್ತನೂ ಸಾಹಿತಿಯಾಗಬಲ್ಲ.

1953ರ ಅಕ್ಟೋಬರ್ 1ರಂದು ಗೆರೆ ಎಳೆದರು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಬಂದವು. ಬಳ್ಳಾರಿ ಸೇರಿ ಉಳಿದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಹೋದವು. ಯಾವ ಊರು ಯಾರಿಗೆ ಸೇರಬೇಕಿತ್ತು ಎಂಬ ಜಗಳವನ್ನು ನಾನಿಲ್ಲಿ ಮತ್ತೆ ಎತ್ತುವುದಿಲ್ಲ. ಅದರಲ್ಲಿ ಎರಡೂ ಕಡೆಯವರು ನೊಂದಿದ್ದಾರೆ. ನಾನು ಹೇಳುವುದು ಒಂದೇ ಮಾತು. ಆ ದಿನ ಇಲ್ಲಿಯ ಕನ್ನಡಿಗರಾದ ನಾವು ನಮ್ಮ ಪಟ್ಟಣವನ್ನು ಕಳೆದುಕೊಂಡೆವು. ತೆಲುಗರು ತಮ್ಮ ನಾಟಕ ಬೆಳೆದ ತೊಟ್ಟಿಲನ್ನು ಕಳೆದುಕೊಂಡರು. ಬಳ್ಳಾರಿ ಇದ್ದಲ್ಲೇ ಇದೆ, ಬಸ್ಸು ಹತ್ತಿದರೆ ಹೋಗಬಹುದು. ಆದರೆ ಪರೀಕ್ಷೆ ಕಟ್ಟುವುದಕ್ಕೆ, ದಾವೆ ಹೂಡುವುದಕ್ಕೆ, ನೌಕರಿ ಹುಡುಕುವುದಕ್ಕೆ ನಮ್ಮ ಹುಡುಗರು ಕರ್ನೂಲಿನ ಕಡೆ ಮುಖ ಮಾಡಬೇಕಾಯಿತು. ದಿನನಿತ್ಯದ ಕೆಲಸಕ್ಕೆ ಹೋಗುವ ಊರಿನಲ್ಲೇ ಮನುಷ್ಯ ಸಂಜೆ ನಾಟಕ ನೋಡುವುದು. ಕೆಲಸದ ದಾರಿ ತಿರುಗಿದರೆ ಕಲೆಯ ದಾರಿಯೂ ತಿರುಗುತ್ತದೆ.

ಒಬ್ಬರ ಕಥೆ ಹೇಳುತ್ತೇನೆ, ಹೆಸರು ಬೇಡ. ನಾನು ನೌಕರಿಯಲ್ಲಿದ್ದಾಗ ಬೆಳೆ ಸಾಲಕ್ಕೆ ಬರುತ್ತಿದ್ದರು. ಪಾಸ್‌ಬುಕ್ಕಿಗೆ ಹೆಬ್ಬೆಟ್ಟು. ಆದರೆ ಬಯಲಾಟದ ಮಾಸ್ತರು. ಇಡೀ ಪ್ರಸಂಗ ಬಾಯಿಪಾಠ. ಮಾತು ಕನ್ನಡದಲ್ಲಿ, ನಡುನಡುವೆ ಹಾಸ್ಯ ತೆಲುಗಿನಲ್ಲಿ. ಟೋಕನ್ ಹಿಡಿದು ಬೆಂಚಿನ ಮೇಲೆ ಕೂತಾಗ, "ಸಾರ್, ನಿಮ್ಮ ನಂಬರ್ ಕರೆಯುವುದರೊಳಗೆ ಕರ್ಣನ್ನ ಕೊಂದು ಬಿಡ್ತೀನಿ" ಎಂದು ಮೆಲ್ಲಗೆ ಶುರುಮಾಡುತ್ತಿದ್ದರು. ಸಾಲಿನಲ್ಲಿ ನಿಂತವರು ಸಾಲು ಬಿಟ್ಟು ಬಂದು ಸುತ್ತ ನಿಲ್ಲುತ್ತಿದ್ದರು. ಕೆಲವು ವರ್ಷಗಳ ಮೇಲೆ ಆದವಾನಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ಹೆಂಡತಿ, ಮಕ್ಕಳು, ಪಾತ್ರೆ ಪಗಡಿಯ ಗಂಟು. "ಎಲ್ಲಿಗೆ?" ಅಂದೆ. "ಸುಗ್ಗಿಗೆ ಸಾರ್, ಗುಂಟೂರಿಗೆ, ಮೆಣಸಿನಕಾಯಿ ಬಿಡಿಸೋಕೆ" ಅಂದರು. "ಆಟ?" ಅಂದೆ. "ತಾಲೀಮಿಗೆ ಹದಿನೈದು ಜನ ಬೇಕು ಸಾರ್. ಎಲ್ಲಾ ಮನೆಗೂ ಬೀಗ" ಅಂದರು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ನಮ್ಮ ಕೌತಾಳಂ, ಕೋಸಿಗಿ, ಮಂತ್ರಾಲಯ ಕಡೆಯ ಊರುಗಳಲ್ಲಿ ಸುಗ್ಗಿ ಎಂದರೆ ಇಂದು ಹಬ್ಬವಲ್ಲ, ವಲಸೆ. ಮಳೆ ಕೈಕೊಟ್ಟರೆ ಗುಂಟೂರು, ಹೈದರಾಬಾದ್, ಬೆಂಗಳೂರು. ಹಾಗಾದರೆ ಅವರೆಲ್ಲ ದೊಡ್ಡ ನಗರ ಸೇರಿದರಲ್ಲ, ಪ್ರತಿಭೆ ಬೆಳೆಯಬೇಕಲ್ಲ? ಬೆಳೆಯುವುದಿಲ್ಲ. ಬೆಂಗಳೂರಿನ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಮಲಗುವವನಿಗೆ ನಗರದ ಇಟ್ಟಿಗೆ ಸಿಗುತ್ತದೆ, ನಗರ ಸಿಗುವುದಿಲ್ಲ. ನೀನು ಹಾಡುತ್ತೀಯಾ ಎಂದು ಅವನನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅವನ ಮಗಳ ಶಾಲೆ ನಡುವರ್ಷದಲ್ಲಿ ನಿಲ್ಲುತ್ತದೆ. ಬಳ್ಳಾರಿ ಮಾಡಿದ್ದನ್ನು ಬೆಂಗಳೂರು ಅವನಿಗೆ ಮಾಡಲಾರದು. ನಗರಕ್ಕೆ ಹೋಗುವುದು ಬೇರೆ, ನಗರದವನಾಗುವುದು ಬೇರೆ. ಶಾಲೆ, ಬಿಡುವು, ಕೂಡುವ ಜಾಗ, ಕೇಳುವ ಕಿವಿ ಇವು ನಾಲ್ಕೂ ಸಿಕ್ಕಿದಾಗ ಮಾತ್ರ ನಗರ ಮನುಷ್ಯನನ್ನು ಬೆಳೆಸುತ್ತದೆ.

ಹಾಗಾದರೆ ಏನು ಮಾಡೋಣ? ಬಳ್ಳಾರಿಯನ್ನು ಎತ್ತಿಕೊಂಡು ಬರಲು ಆಗುವುದಿಲ್ಲ. ಆದರೆ ಆದವಾನಿಯನ್ನು, ಎಮ್ಮಿಗನೂರನ್ನು ನಮ್ಮ ಪಟ್ಟಣವಾಗಿ ಮಾಡಿಕೊಳ್ಳಬಹುದು. 1886ರ ಬಳ್ಳಾರಿಗಿಂತ ಇಂದಿನ ಆದವಾನಿ ದೊಡ್ಡದು. ನಮ್ಮ ಗಡಿ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಅವುಗಳ ಮಕ್ಕಳಿಗೆ ತೆಲುಗೂ ಬರುತ್ತದೆ. ಎರಡು ಭಾಷೆ ಬರುವುದು ನಮಗೊಂದು ಕೊರತೆ ಎಂದು ನಾಚುವವರನ್ನು ನೋಡಿದ್ದೇನೆ. ರಾಘವ ನಾಚಲಿಲ್ಲ. ಎರಡು ಭಾಷೆಯವನಿಗೆ ಎರಡು ಪ್ರೇಕ್ಷಕರು, ಎರಡು ಕಥೆಗಳ ಗಂಟು.

ಸರ್ಕಾರಕ್ಕೆ ಕೇಳುವುದನ್ನು ಕೇಳೋಣ. ಶಾಲೆಗೆ ಮೇಷ್ಟ್ರು ಬೇಕು, ವಲಸೆ ಹೋಗುವವರ ಮಕ್ಕಳಿಗೆ ಹಾಸ್ಟೆಲ್ ಬೇಕು, ಹೊಲಕ್ಕೆ ನೀರು ಬೇಕು. ನೀರು ಬಂದರೆ ಮನೆಯ ಬೀಗ ತೆಗೆಯುತ್ತದೆ, ಬೀಗ ತೆಗೆದರೆ ತಾಲೀಮು ನಡೆಯುತ್ತದೆ. ನಾವು ಮಾಡಬೇಕಾದದ್ದನ್ನೂ ಮಾಡೋಣ. ಪಿಂಚಣಿ ಬರುವ ನನ್ನಂಥವರಿಗೆ ಸಂಜೆ ಬಿಡುವಿದೆ. ಆದವಾನಿಯಲ್ಲಿ ಒಂದು ಕೋಣೆ, ಒಂದು ಕಪಾಟು ಪುಸ್ತಕ, ವಾರಕ್ಕೊಂದು ಸಂಜೆ ಸಾಕು. ಕನ್ನಡದವರೂ ಬರಲಿ, ತೆಲುಗಿನವರೂ ಬರಲಿ, ಉರ್ದುವಿನವರೂ ಬರಲಿ. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಹಾಡಿದರೆ ಕೇಳುವುದಕ್ಕೆ ಹತ್ತು ಜನ, ತಪ್ಪು ತಿದ್ದುವುದಕ್ಕೆ ಇಬ್ಬರು ಇರಲಿ. ಸರಸ ವಿನೋದಿನಿ ಸಭೆಯ ಹಿಂದೆಯೂ ಕೆಲವು ವಕೀಲರ ಸಂಜೆಗಳೇ ಇದ್ದವು.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ದೇಶ ಸುತ್ತಲಾಗದ ಮಗುವಿಗೆ ಬಸ್ಸಿನ ದಾರಿಯಲ್ಲಿರುವ ಪೇಟೆಯಾದರೂ ತೆರೆದಿರಬೇಕು. ನಮ್ಮೂರ ಸೇತುವೆ ಹೋದಾಗ ಅದನ್ನು ಮತ್ತೆ ಕಟ್ಟಿ ಎಂದು ಎಲ್ಲರೂ ಕೇಳಿದೆವು. ಹಳ್ಳಿಯ ಪ್ರತಿಭೆಯಿಂದ ಪೇಟೆಗೆ ಇದ್ದ ಸೇತುವೆ ಯಾವಾಗ ಕುಸಿಯಿತೆಂದು ಮಾತ್ರ ನಾವು ಗಮನಿಸಲೇ ಇಲ್ಲ. ಇನ್ನಾದರೂ ಗಮನಿಸೋಣ. ನಿಮ್ಮ ಊರಿನ ಬಯಲಾಟದ ಮಾಸ್ತರು ಈ ವರ್ಷ ಸುಗ್ಗಿಗೆ ಹೋಗಿದ್ದಾರೋ, ಮನೆಯಲ್ಲಿದ್ದಾರೋ, ಒಮ್ಮೆ ವಿಚಾರಿಸಿ. ಮನೆಯಲ್ಲಿದ್ದರೆ ನನ್ನ ನಮಸ್ಕಾರ ತಿಳಿಸಿ, ಒಂದು ಸಂಜೆ ಆದವಾನಿಗೆ ಕರೆದುಕೊಂಡು ಬನ್ನಿ.